ಹಾಸ್ಟೆಲ್‌ನಿಂದ ಲ್ಯಾಬ್ ಕಂಪ್ಯೂಟರ್: ವಿಎನ್‌ಸಿಗೊಂದು ಸುರಂಗ

ಹಾಸ್ಟೆಲ್ ರೂಮಲ್ಲಿ ಕೂತು ಲ್ಯಾಬ್ ಕಂಪ್ಯೂಟರ್‌ನ ಡೆಸ್ಕ್‌ಟಾಪ್ ತೆರೆಯೋದು ಈಗ ನಮಗೆಲ್ಲ ಮಾಮೂಲು. ಸಿಮ್ಯುಲೇಶನ್ ಸಾಫ್ಟ್‌ವೇರ್‌ನ ಲೈಸೆನ್ಸ್ ಇರೋದು ಲ್ಯಾಬ್ ಮಷೀನಿನಲ್ಲಿ, ಲ್ಯಾಬಿಗೆ ಬೀಗ ಬೀಳೋದು ಸಂಜೆ ಐದಕ್ಕೆ, ನಮಗೆ ಕೆಲಸ ಮಾಡೋ ಮೂಡ್ ಬರೋದು ರಾತ್ರಿ ಹತ್ತರ ಮೇಲೆ. ಅದಕ್ಕೇ ಸರ್ ಹತ್ತಿರ ಪರ್ಮಿಷನ್ ತಗೊಂಡು ಅಲ್ಲಿನ ಲಿನಕ್ಸ್ ಮಷೀನಿಗೆ ವಿಎನ್‌ಸಿ ಹಾಕಿಕೊಂಡೆವು. ಪಾಸ್‌ವರ್ಡ್ ಇಟ್ಟಿದ್ದೀವಲ್ಲ, ಇನ್ನೇನು ಭಯ ಅಂದುಕೊಂಡಿದ್ದೆವು.

ಆಮೇಲೊಂದು ದಿನ ವೈರ್‌ಶಾರ್ಕ್ ಕಲಿಯೋಣ ಅಂತ ನಾವು ಮೂವರು ನಮ್ಮದೇ ಲ್ಯಾಪ್‌ಟಾಪ್‌ನ ಟ್ರಾಫಿಕ್ ಕ್ಯಾಪ್ಚರ್ ಮಾಡಿದೆವು. ವಿಎನ್‌ಸಿ ಓಡೋದು 5900 ಮತ್ತು ಅದರ ಮೇಲಿನ ಪೋರ್ಟ್‌ಗಳಲ್ಲಿ. ಡಿಸ್‌ಪ್ಲೇ 1 ಅಂದರೆ 5901. ಆ ಪೋರ್ಟಿಗೆ ಫಿಲ್ಟರ್ ಹಾಕಿದಾಗ ಸಣ್ಣ ಸಣ್ಣ ಮೆಸೇಜ್‌ಗಳ ಸಾಲು ಕಾಣಿಸಿತು. ಒಂದು ಕೀ ಒತ್ತಿದರೆ 8 ಬೈಟ್, ಬಿಟ್ಟರೆ ಇನ್ನೊಂದು 8 ಬೈಟ್. ಮೊದಲ ಬೈಟ್ 4, ಅಂದರೆ "ಇದು ಕೀಬೋರ್ಡ್ ಸುದ್ದಿ" ಅಂತ. ಎರಡನೇ ಬೈಟ್ 1 ಇದ್ದರೆ ಒತ್ತಿದ್ದು, 0 ಇದ್ದರೆ ಬಿಟ್ಟಿದ್ದು. ಕೊನೆಯ 4 ಬೈಟ್‌ಗಳಲ್ಲಿ ಆ ಕೀ ಯಾವುದು ಅನ್ನೋ ಸಂಖ್ಯೆ. ಇಂಗ್ಲಿಷ್ ಅಕ್ಷರಗಳಿಗೆ ಅದು ನಾವು ಸಿ ಪ್ರೋಗ್ರಾಮಿಂಗ್‌ನಲ್ಲಿ ಓದಿದ ಆಸ್ಕಿ ಸಂಖ್ಯೆಯೇ. ಲ್ಯಾಬ್ ಮಷೀನಿನ ಬ್ರೌಸರಲ್ಲಿ ನಮ್ಮಲ್ಲೊಬ್ಬ ತನ್ನ ಮೇಲ್‌ಗೆ ಲಾಗಿನ್ ಆಗಿದ್ದ. ಅವನ ಪಾಸ್‌ವರ್ಡನ್ನು ಅವನ ಎದುರಲ್ಲೇ, ಒಂದೊಂದೇ ಅಕ್ಷರವಾಗಿ, ರಫ್ ನೋಟ್ ಹಿಂದೆ ಬರೆದು ತೋರಿಸಿದೆವು. ಸ್ಕ್ರೀನ್ ಮೇಲೆ ಚುಕ್ಕೆಗಳಿದ್ದವು, ನೆಟ್‌ವರ್ಕ್‌ನಲ್ಲಿ ಅಕ್ಷರಗಳು. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

"ಆದ್ರೆ ಮೇಲ್ ಸೈಟು ಎಚ್‌ಟಿಟಿಪಿಎಸ್ ಅಲ್ವಾ?" ಅಂತ ಕೇಳಬಹುದು. ಹೌದು, ಆದರೆ ಆ ಎನ್‌ಕ್ರಿಪ್ಶನ್ ಶುರುವಾಗೋದು ಲ್ಯಾಬ್ ಮಷೀನಿನ ಬ್ರೌಸರ್‌ನಿಂದ ಆಚೆಗೆ. ನಮ್ಮ ಬೆರಳಿನಿಂದ ಲ್ಯಾಬ್ ಮಷೀನಿನವರೆಗಿನ ದಾರಿಗೂ ಅದಕ್ಕೂ ಸಂಬಂಧ ಇಲ್ಲ. ವಿಎನ್‌ಸಿಯ ಹಳೇ ಪಾಸ್‌ವರ್ಡ್ ಪದ್ಧತಿಯೂ ಅಷ್ಟಕ್ಕಷ್ಟೆ: ಒಳಗೆ ಡಿಇಎಸ್ ಬಳಸುತ್ತೆ, ಮೊದಲ 8 ಅಕ್ಷರ ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತೆ. ನಾವು ಕಷ್ಟಪಟ್ಟು ಇಟ್ಟಿದ್ದ 15 ಅಕ್ಷರದ ಪಾಸ್‌ವರ್ಡ್‌ನಲ್ಲಿ 7 ಅಕ್ಷರ ಸುಮ್ಮನೆ ಅಲಂಕಾರಕ್ಕೆ. ಅದು ಬಾಗಿಲಲ್ಲಿ ಒಮ್ಮೆ ಕೇಳೋ ಗುರುತು ಅಷ್ಟೆ. ಒಳಗೆ ಹೋದ ಮೇಲಿನ ಮಾತುಕತೆಯನ್ನ ಮುಚ್ಚಲ್ಲ. ಈಗಿನ ಕೆಲವು ವಿಎನ್‌ಸಿ ಸಾಫ್ಟ್‌ವೇರ್‌ಗಳಲ್ಲಿ ಎನ್‌ಕ್ರಿಪ್ಶನ್ ಇದೆ, ಆದರೆ ಎರಡೂ ಕಡೆ ಅದು ಇದ್ದು, ಆನ್ ಆಗಿರಬೇಕು. ನಮ್ಮದರಲ್ಲಿ ಇರಲಿಲ್ಲ.

ಪರಿಹಾರ ಹಳೆಯದೇ. 1995ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದು ಕೇಳಿಸಿಕೊಂಡಿದ್ದರು. ಆ ಸಿಟ್ಟಿಗೆ ಅಲ್ಲಿನ ತಾತು ಯ್ಲೋನೆನ್ ಬರೆದದ್ದು ಎಸ್‌ಎಸ್‌ಎಚ್. ಅಂದರೆ ನಮ್ಮ ರೂಮಲ್ಲಿ ಆದದ್ದೇ ಅಲ್ಲೂ ಆಗಿತ್ತು, ನಮಗಿಂತ ಸೀರಿಯಸ್ಸಾಗಿ. ಎಸ್‌ಎಸ್‌ಎಚ್ ಬರೀ ಟರ್ಮಿನಲ್‌ಗೆ ಮಾತ್ರ ಅಲ್ಲ, ಬೇರೆ ಪೋರ್ಟಿನ ಟ್ರಾಫಿಕ್ಕನ್ನೂ ತನ್ನೊಳಗೆ ಹಾಕಿಕೊಂಡು ಒಯ್ಯುತ್ತೆ. ಇದೇ ಸುರಂಗ.

ಮೊದಲು ಲ್ಯಾಬ್ ಮಷೀನಿನಲ್ಲಿ ವಿಎನ್‌ಸಿ ಸರ್ವರನ್ನು ಲೋಕಲ್‌ಹೋಸ್ಟ್‌ಗೆ ಮಾತ್ರ ಕಟ್ಟಿಹಾಕಬೇಕು. ಟೈಗರ್ ವಿಎನ್‌ಸಿಯಲ್ಲಿ ಇದಕ್ಕೆ ಲೋಕಲ್‌ಹೋಸ್ಟ್ ಅನ್ನೋ ಹೆಸರಿನ ಆಪ್ಷನ್ನೇ ಇದೆ. ಇದನ್ನ ಬಿಟ್ಟರೆ ಸುರಂಗ ತೋಡಿ ಪ್ರಯೋಜನ ಇಲ್ಲ, ಪಕ್ಕದ ಹಳೇ ಬಾಗಿಲು ತೆರೆದೇ ಇರುತ್ತೆ. ನಂತರ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ (ವಿಂಡೋಸ್‌ನವರೂ ಹೆದರಬೇಡಿ, 2018ರಿಂದ ವಿಂಡೋಸ್ 10ರ ಒಳಗೇ ಎಸ್‌ಎಸ್‌ಎಚ್ ಇದೆ): ಎಸ್‌ಎಸ್‌ಎಚ್, ಸ್ಪೇಸ್, ಹೈಫನ್ ಮತ್ತು ಕ್ಯಾಪಿಟಲ್ ಎಲ್, ಸ್ಪೇಸ್, 5999, ಕೋಲನ್, ಲೋಕಲ್‌ಹೋಸ್ಟ್, ಕೋಲನ್, 5901, ಸ್ಪೇಸ್, ಯೂಸರ್‌ನೇಮ್, ಅಟ್ ಚಿಹ್ನೆ, ಲ್ಯಾಬ್ ಮಷೀನಿನ ಐಪಿ.

ನಮ್ಮಲ್ಲಿ ಎಲ್ಲರೂ ಮುಗ್ಗರಿಸಿದ್ದು ಈ ಕಮಾಂಡ್‌ನ ನಡುವೆ ಬರೋ ಲೋಕಲ್‌ಹೋಸ್ಟ್ ಹತ್ತಿರ. ಅದು ಯಾರ ಲೋಕಲ್? ನಮ್ಮ ಲ್ಯಾಪ್‌ಟಾಪಿನದಲ್ಲ! 5999 ಮಾತ್ರ ನಮ್ಮ ಕಡೆಯ ಬಾಯಿ. ಕೋಲನ್ ಆದ ಮೇಲಿನದ್ದನ್ನೆಲ್ಲ ಓದೋದು ಆಚೆ ತುದಿಯಲ್ಲಿರೋ ಲ್ಯಾಬ್ ಮಷೀನು. ಅದು "ಲೋಕಲ್‌ಹೋಸ್ಟ್ ಅಂದ್ರೆ ನಾನೇ, ನನ್ನ 5901ಕ್ಕೆ ಕೊಡ್ತೀನಿ" ಅನ್ನುತ್ತೆ. ಹಾಗಾಗಿ ವಿಎನ್‌ಸಿ ವ್ಯೂವರ್‌ನಲ್ಲಿ ಲ್ಯಾಬ್ ಮಷೀನಿನ ಐಪಿ ಹಾಕಬಾರದು. ಲೋಕಲ್‌ಹೋಸ್ಟ್ ಅಂತ ಹಾಕಿ, 5999 ಪೋರ್ಟ್ ಕೊಡಬೇಕು. ಇಲ್ಲಿ ಎರಡು ಕಡೆಯೂ 5901 ಅಂತಲೇ ಹಾಕಿದರೂ ನಡೆಯುತ್ತೆ. ಬೇರೆ ಬೇರೆ ಸಂಖ್ಯೆ ಇಟ್ಟರೆ ಯಾವುದು ಯಾರದು ಅಂತ ತಲೆ ಕೆಡಲ್ಲ, ಅದಕ್ಕೇ ನಾವು 5999 ಇಟ್ಟುಕೊಂಡದ್ದು.

ಮೊದಲ ಸಲ ಕನೆಕ್ಟ್ ಆದಾಗ ಎಸ್‌ಎಸ್‌ಎಚ್ ಒಂದು ಫಿಂಗರ್‌ಪ್ರಿಂಟ್ ತೋರಿಸಿ "ಮುಂದುವರೀಲಾ?" ಅಂತ ಕೇಳುತ್ತೆ. ನಾವೆಲ್ಲ ಕಣ್ಣು ಮುಚ್ಚಿ ಯೆಸ್ ಒತ್ತೋರೇ. ಸುರಂಗದ ಆಚೆ ತುದಿಯಲ್ಲಿ ಇರೋದು ನಮ್ಮ ಲ್ಯಾಬ್ ಮಷೀನೇ ಹೌದೋ, ನಡುವೆ ಕೂತ ಬೇರೆ ಯಾರೋ ಹೌದೋ ಅಂತ ತಿಳಿಯೋದು ಆ ಒಂದು ಸಾಲಿನಿಂದ ಮಾತ್ರ. ಹಗಲು ಲ್ಯಾಬಿಗೆ ಹೋದಾಗ ಅದೇ ಮಷೀನಿನ ಎದುರು ಕೂತು, ಎಸ್‌ಎಸ್‌ಎಚ್ ಕೀಜೆನ್‌ನಿಂದ ಅದರ ಫಿಂಗರ್‌ಪ್ರಿಂಟ್ ತೆಗೆದು ಫೋನಿನಲ್ಲಿ ಫೋಟೋ ಹೊಡ್ಕೊಳ್ಳಿ. ರಾತ್ರಿ ತಾಳೆ ನೋಡಿ. ಎರಡು ನಿಮಿಷದ ಕೆಲಸ.

ಪಾಸ್‌ವರ್ಡ್ ಬದಲು ಕೀ ಬಳಸೋದು ಇನ್ನೂ ಒಳ್ಳೆಯದು. ಕೀ ಕೆಲಸ ಮಾಡುತ್ತಾ ಅಂತ ನೋಡದೇ ಪಾಸ್‌ವರ್ಡ್ ಲಾಗಿನ್ ಆಫ್ ಮಾಡಬೇಡಿ. ನಾವು ಶನಿವಾರ ರಾತ್ರಿ ಈ ಸಾಹಸ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ, ಇದ್ದ ಒಂದೇ ಸೆಷನ್ನನ್ನೂ ಮುಚ್ಚಿ, ಸೋಮವಾರದವರೆಗೆ ಹೊರಗೇ ನಿಂತಿದ್ದೆವು. ಅಸೈನ್‌ಮೆಂಟ್ ಡೆಡ್‌ಲೈನ್ ಇದ್ದದ್ದು ಭಾನುವಾರ.

ವಿಂಡೋಸ್‌ನ ಆರ್‌ಡಿಪಿಯಲ್ಲಿ ಎನ್‌ಕ್ರಿಪ್ಶನ್ ಮೊದಲೇ ಇದೆ, ಅದಕ್ಯಾಕೆ ಸುರಂಗ ಅಂತ ಸೀನಿಯರ್ ಒಬ್ಬರು ವಾದ ಮಾಡಿದರು. ಮಾತು ಸರಿ, ಆದರೆ ಪ್ರಶ್ನೆ ಬೇರೆ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನೋ ದೋಷ ಹೊರಬಂತು. ಹಳೇ ವಿಂಡೋಸ್‌ಗಳಲ್ಲಿ ಲಾಗಿನ್ ಆಗೋ ಮೊದಲೇ, ಬರೀ 3389 ಪೋರ್ಟ್ ಮುಟ್ಟಲು ಸಿಕ್ಕರೆ ಸಾಕು, ಒಳಗೆ ನುಗ್ಗಬಹುದಿತ್ತು. ಎಷ್ಟು ಗಂಭೀರ ಅಂದರೆ, ಸಪೋರ್ಟ್ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಅಲ್ಲಿ ಉಪಯೋಗ ಇರಲಿಲ್ಲ. ಸುರಂಗ ಇದ್ದರೆ ಆ ಪೋರ್ಟ್ ಹೊರಗಿನವರಿಗೆ ಕಾಣಿಸೋದೇ ಇಲ್ಲ.

ಸುರಂಗ ಎಲ್ಲವನ್ನೂ ಕಾಯಲ್ಲ. ಲ್ಯಾಬ್ ಮಷೀನಿಗೆ ಲಾಗಿನ್ ಇರೋ ಬೇರೆ ಹುಡುಗರಿಗೂ ಅದರ ಲೋಕಲ್‌ಹೋಸ್ಟ್ ಎಟಕುತ್ತೆ, ಹಾಗಾಗಿ ಆ 8 ಅಕ್ಷರದ ವಿಎನ್‌ಸಿ ಪಾಸ್‌ವರ್ಡ್ ತೆಗೆಯಬೇಡಿ. ಇನ್ನೊಂದು ಮಾತು: ಮನೆಯಿಂದ ನೇರವಾಗಿ ಲ್ಯಾಬ್ ಮಷೀನು ಸಿಗಲ್ಲ ಅಂತ ಒಳಗಿನಿಂದ ಹೊರಗೆ ಕದ್ದು ರಿವರ್ಸ್ ಸುರಂಗ ತೋಡೋ ಐಡಿಯಾ ಯೂಟ್ಯೂಬಲ್ಲಿ ಸಿಗುತ್ತೆ. ಸಿಸ್ಟಮ್ ಅಡ್ಮಿನ್‌ಗೆ ಹೇಳದೇ ಅದು ಬೇಡ. ನಾವು ಕೇಳಿದೆವು, ಅವರು ಕಾಲೇಜಿನ ಗೇಟ್‌ವೇ ಮೂಲಕ ಹೋಗೋಕೆ ಅಕೌಂಟ್ ಕೊಟ್ಟರು.

ಎಲ್ಲ ಮುಗಿಸಿ ಅದೇ ವೈರ್‌ಶಾರ್ಕ್ ಮತ್ತೆ ತೆರೆದೆವು. ಲ್ಯಾಬ್ ಮಷೀನಿನ 5901ಕ್ಕೆ ಒಂದು ಪ್ಯಾಕೆಟ್ಟೂ ಇಲ್ಲ. ಇದ್ದದ್ದೆಲ್ಲ 22ನೇ ಪೋರ್ಟಿನಲ್ಲಿ, ಅರ್ಥವಾಗದ ಬೈಟ್‌ಗಳು. ನಮ್ಮ ಗೆಳೆಯ ಅರ್ಧ ಗಂಟೆ ಸ್ಕ್ರೋಲ್ ಮಾಡಿ ತನ್ನ ಹೊಸ ಪಾಸ್‌ವರ್ಡ್ ಹುಡುಕಿದ. ಸಿಗಲಿಲ್ಲ.