ಕರುಳಿನ ಉರಿಯೂತ: ಒಂದು ತರ್ಕಪಾಠ

ತರ್ಕಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಅನ್ವಯ–ವ್ಯತಿರೇಕಗಳು ಹಳೆಯ ಪರಿಚಯದವು. ಒಂದು ಇದ್ದಲ್ಲಿ ಇನ್ನೊಂದೂ ಇರುವುದು ಅನ್ವಯ. ಒಂದು ಇಲ್ಲದಲ್ಲಿ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಹೊಗೆ–ಬೆಂಕಿಗಳ ಉದಾಹರಣೆಯನ್ನು ಎಷ್ಟು ಸಲ ಬರೆಯುವುದು? ಈ ಸಲ ಕರುಳಿನ ಉದಾಹರಣೆಯೊಂದನ್ನು ವಾಚಕರ ಮುಂದಿಡುತ್ತೇನೆ.

ಕರುಳು ವರ್ಷಗಟ್ಟಲೆ ಕೆಂಪೇರಿ, ಬಾತು, ಹುಣ್ಣಾಗುವ ಮುಖ್ಯ ರೋಗಗಳು ಎರಡು. ದೊಡ್ಡ ಕರುಳಿನ ಒಳಪದರಕ್ಕೆ ತಗಲುವುದು ಅಲ್ಸರೇಟಿವ್ ಕೊಲೈಟಿಸ್. ಅನ್ನಮಾರ್ಗದ ಯಾವ ಭಾಗದಲ್ಲಾದರೂ ಕಾಣಿಸಿಕೊಂಡು ಗೋಡೆಯ ಆಳಕ್ಕೂ ಇಳಿಯಬಲ್ಲುದು ಕ್ರೋನ್ಸ್ ರೋಗ. ಇದನ್ನು ೧೯೩೨ರಲ್ಲಿ ನ್ಯೂಯಾರ್ಕಿನ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಒಪೆನ್‌ಹೈಮರ್ ಎಂಬ ವೈದ್ಯರು ವಿವರಿಸಿದರು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ ಗುರುತು ಹಿಡಿಯುವುದು ವೈದ್ಯರಿಗೂ ಕಷ್ಟ.

ಆರೋಗ್ಯವಂತನ ದೇಹದಲ್ಲೂ ಬ್ಯಾಕ್ಟೀರಿಯಗಳಿವೆ. ೨೦೧೬ರ ಒಂದು ಲೆಕ್ಕದಂತೆ ಸುಮಾರು ೩೮ ಲಕ್ಷ ಕೋಟಿ, ಬಹುಪಾಲು ದೊಡ್ಡ ಕರುಳಿನಲ್ಲಿಯೇ. ನಾವು ಅರಗಿಸಲಾರದ ನಾರನ್ನು ಅವು ಹುಳಿಸಿ ಬ್ಯೂಟಿರೇಟ್ ಎಂಬ ವಸ್ತುವನ್ನು ಕೊಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಆಹಾರ. ನಡುವೆ ಲೋಳೆಯ ಪದರವೊಂದು ಬೇಲಿಯಂತಿದೆ. ದೇಹದ ರಕ್ಷಣಾ ಪಡೆಯು ಈ ನೆರೆಯವರನ್ನು ಸಹಿಸಿಕೊಂಡಿರುತ್ತದೆ. ರೋಗದಲ್ಲಿ ಈ ಸಹನೆ ಕೆಡುತ್ತದೆ.

ರೋಗಿಗಳ ಕರುಳಿನಲ್ಲಿ ಬ್ಯಾಕ್ಟೀರಿಯಗಳ ಬಗೆಗಳು ಕಡಿಮೆಯಾಗಿರುವುದು ಕಂಡುಬಂದಿದೆ. ಅದರಿಂದ ರೋಗವೋ, ರೋಗದಿಂದ ಅದೋ? ಬೀಜ–ವೃಕ್ಷ ನ್ಯಾಯದಂತಾಯಿತು. ಬರಿಯ ಅನ್ವಯದಿಂದ ಇದು ಬಗೆಹರಿಯದು.

ಇಲ್ಲಿ ವ್ಯತಿರೇಕ ನೆರವಿಗೆ ಬರುತ್ತದೆ. ಉರಿಯೂತವನ್ನು ಹತ್ತಿಕ್ಕುವ ಇಂಟರ್‌ಲ್ಯೂಕಿನ್–೧೦ ಎಂಬ ವಸ್ತುವನ್ನು ತಯಾರಿಸಲಾರದ ಇಲಿಗಳಿಗೆ ಕರುಳಿನ ಉರಿಯೂತ ಬರುವುದೆಂದು ೧೯೯೩ರಲ್ಲಿ ತಿಳಿಯಿತು. ಅಂಥವೇ ಇಲಿಗಳನ್ನು ಒಂದೂ ಬ್ಯಾಕ್ಟೀರಿಯವಿಲ್ಲದಂತೆ ಸಾಕಿ ನೋಡಿದರು, ರೋಗ ಬರಲಿಲ್ಲ. ಸಾಮಾನ್ಯ ಬ್ಯಾಕ್ಟೀರಿಯಗಳನ್ನು ಅವುಗಳೊಳಕ್ಕೆ ಬಿಟ್ಟರು; ರೋಗ ಬಂತು. ಆದರೆ ಅವೇ ಬ್ಯಾಕ್ಟೀರಿಯಗಳು ದೋಷವಿಲ್ಲದ ಇಲಿಯಲ್ಲಿ ಸುಮ್ಮನಿದ್ದವು. ಅಂದಮೇಲೆ ಬ್ಯಾಕ್ಟೀರಿಯವೊಂದೇ ಕಾರಣವಲ್ಲ, ದೇಹದ ದೋಷವೊಂದೇ ಕಾರಣವಲ್ಲ, ಎರಡೂ ಕೂಡಬೇಕು. ನೈಯಾಯಿಕರು ಇದನ್ನೇ ಕಾರಣ–ಸಾಮಗ್ರಿ ಎಂದರು.

ಮನುಷ್ಯರ ವಿಷಯವೂ ಸರಿಸುಮಾರು ಹೀಗೆಯೇ. ಬ್ಯಾಕ್ಟೀರಿಯದ ಗೋಡೆಯ ಚೂರನ್ನು ಗುರುತಿಸಲು ನೆರವಾಗುವ ‘ನಾಡ್–೨’ ಎಂಬ ಜೀನಿನ ಕೆಲವು ವ್ಯತ್ಯಾಸಗಳು ಕ್ರೋನ್ಸ್ ರೋಗದ ಸಂಭವವನ್ನು ಹೆಚ್ಚಿಸುತ್ತವೆಂದು ೨೦೦೧ರಲ್ಲಿ ಗೊತ್ತಾಯಿತು. ಆದರೂ ಆ ವ್ಯತ್ಯಾಸವುಳ್ಳ ಬಹುಮಂದಿಗೆ ರೋಗ ಬರುವುದೇ ಇಲ್ಲ.

ನನ್ನ ತಂಗಿಗೆ ಈ ರೋಗವಿದೆ. ಬ್ಯಾಕ್ಟೀರಿಯ ಎಂಬ ಮಾತು ಕಿವಿಗೆ ಬಿದ್ದೊಡನೆ ನಂಟರೊಬ್ಬರು ಅವಳ ತಟ್ಟೆ–ಲೋಟಗಳನ್ನು ಬೇರೆ ಇಡಿಸಿದರು. ಇನ್ನೊಬ್ಬರು “ಕಂಡದ್ದೆಲ್ಲ ತಿಂದದ್ದರ ಫಲ” ಎಂದರು. ಎರಡೂ ತರ್ಕದ ದೋಷಗಳೇ. ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲ. ಆಕೆಯ ನೆರೆಯಲ್ಲಿರುವ ಬ್ಯಾಕ್ಟೀರಿಯಗಳಂಥವೇ ನಮ್ಮೆಲ್ಲರ ಹೊಟ್ಟೆಯಲ್ಲೂ ಇವೆ. ಯಾವುದೋ ಒಂದು ಊಟವೂ ಇದನ್ನು ಹುಟ್ಟಿಸಲಾರದು.

ಇದನ್ನು ಬೇರುಸಹಿತ ಕೀಳುವ ಔಷಧವಿಲ್ಲ, ಹತೋಟಿಯಲ್ಲಿಡುವ ಔಷಧಗಳುಂಟು. ಅವುಗಳ ಜೊತೆಗೆ ರೋಗಿಗೆ ಬೇಕಾದುದು ಊಟದ ಪಂಕ್ತಿಯಲ್ಲಿ ಒಂದು ಎಲೆ. ಅದನ್ನು ಕೊಡಲು ವೈದ್ಯಶಾಸ್ತ್ರ ಬೇಕಿಲ್ಲ. ನಾವು ಓದಿದ ತರ್ಕವೇ ಸಾಕು.