ಟೂ ಸ್ಟ್ರೋಕ್ ಎಂಜಿನ್: ಪಿಸ್ಟನ್ ಮತ್ತು ಸಿಲಿಂಡರ್ ಸವೆತವನ್ನು ಅಳೆಯುವ ಬಗೆ

ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್, ಹುಲ್ಲು ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಮುಂತಾದ ಹಲವು ಸಲಕರಣೆಗಳು ಟೂ ಸ್ಟ್ರೋಕ್ ಎಂಜಿನ್‌ನಿಂದ ನಡೆಯುತ್ತವೆ. ಕೆಲವು ಹಂಗಾಮು ದುಡಿದ ಮೇಲೆ ಇಂತಹ ಎಂಜಿನ್ ಸುಲಭವಾಗಿ ಚಾಲೂ ಆಗುವುದಿಲ್ಲ. ಕಾದಾಗ ನಿಲ್ಲಿಸಿದರೆ ಮತ್ತೆ ಹತ್ತುವುದಿಲ್ಲ. ಹುಲ್ಲು ದಟ್ಟವಾಗಿರುವಲ್ಲಿ ಬಲ ಸಾಲದು. ಆಗ ಪಿಸ್ಟನ್ ಬದಲಾಯಿಸುವುದು ವಾಡಿಕೆ. ಆದರೆ ಸವೆದಿರುವುದು ರಿಂಗೋ, ಪಿಸ್ಟನ್ನೋ, ಸಿಲಿಂಡರೋ ಎಂದು ತಿಳಿಯದೆ ಹಣ ಹಾಕಿದರೆ ಹೊಸ ಪಿಸ್ಟನ್ ಕೂಡ ಬಹುಕಾಲ ಬಾಳದು. ಇದನ್ನು ತಿಳಿಯಲು ದುಬಾರಿ ಉಪಕರಣಗಳು ಬೇಕಿಲ್ಲ.

ಸವೆತಕ್ಕೆ ಕಾರಣ

ಈ ಎಂಜಿನ್‌ಗೆ ಬೇರೆ ಎಣ್ಣೆ ತೊಟ್ಟಿ ಇಲ್ಲ. ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಪಿಸ್ಟನ್, ಸಿಲಿಂಡರ್ ಮತ್ತು ಬೇರಿಂಗ್‌ಗಳಿಗೆ ಜಾರಿಕೆ ಒದಗಿಸುತ್ತದೆ. ಎಣ್ಣೆ ಕಡಿಮೆಯಾದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಏರ್ ಫಿಲ್ಟರ್ ಹರಿದಿದ್ದರೆ ದೂಳು ಒಳಸೇರಿ ಅರದಂತೆ ತೇಯುತ್ತದೆ.

ಬಿಚ್ಚುವ ಮೊದಲು

ಸ್ವಿಚ್ ಆರಿಸಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ತೆಗೆದು, ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಪ್ರತಿ ಸುತ್ತಿನಲ್ಲೂ ಒಮ್ಮೆ ಸ್ಪಷ್ಟವಾದ ತಡೆ ಕೈಗೆ ಸಿಗಬೇಕು. ಹಗ್ಗ ಸಲೀಸಾಗಿ ಬಂದರೆ ಒತ್ತಡ ಸೋರುತ್ತಿದೆ ಎಂದರ್ಥ.

ಮೆಕ್ಯಾನಿಕ್ ಬಳಿ ಒತ್ತಡ ಮಾಪಕವಿದ್ದರೆ ಪ್ಲಗ್ ಜಾಗದಲ್ಲಿ ಅದನ್ನು ಕೂಡಿಸಿ, ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಹಗ್ಗ ಎಳೆಯಬೇಕು. ಸುಸ್ಥಿತಿಯ ಸಣ್ಣ ಎಂಜಿನ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 8 ರಿಂದ 10 ಕಿ.ಗ್ರಾಂ. ಒತ್ತಡ ತೋರಿಸುತ್ತದೆ. 6ಕ್ಕಿಂತ ಕೆಳಗಿಳಿದರೆ ಚಾಲೂ ಮಾಡುವುದೇ ಕಷ್ಟ. ಪ್ಲಗ್ ಸಡಿಲವಾಗಿದ್ದರೂ, ಸಿಲಿಂಡರಿನ ಬುಡದ ಬೋಲ್ಟ್ ಸಡಿಲವಾಗಿದ್ದರೂ ದೋಷ ಕಾಣಿಸಿಕೊಳ್ಳಬಹುದು. ಮೊದಲು ಅವನ್ನು ಬಿಗಿ ಮಾಡಿರಿ.

ಅನಂತರ ಸೈಲೆನ್ಸರ್ ಕಳಚಿ, ಹೊಗೆ ಹೊರಬರುವ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ಪಿಸ್ಟನ್ನಿನ ಮೈ ನೋಡಿರಿ. ಅಡ್ಡಲಾಗಿ ಕಾಣುವ ನವಿರಾದ ಗೆರೆಗಳು ಕಾರ್ಖಾನೆಯಲ್ಲಿ ಕಡೆದಾಗ ಮೂಡಿದವು. ಅವು ಉಳಿದಿದ್ದರೆ ಒಳ್ಳೆಯದು. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರುಗಳಿದ್ದರೆ ಎಂಜಿನ್ ಬಿಚ್ಚಲೇಬೇಕು.

ಗೀರುಗಳು ಹೇಳುವ ಕಥೆ

1. ಹೊಗೆ ಕಿಂಡಿಯ ಕಡೆ ಮಾತ್ರ ಗೀರು: ಎಂಜಿನ್ ಅತಿಯಾಗಿ ಕಾದಿದೆ. ಎಣ್ಣೆ ಸಾಲದಿರುವುದು, ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿರುವುದು ಅಥವಾ ತಂಪು ನೀಡುವ ರೆಕ್ಕೆಗಳಲ್ಲಿ ಹುಲ್ಲು ಕಟ್ಟಿರುವುದು ಕಾರಣ.

2. ಗಾಳಿ ಒಳಬರುವ ಕಡೆ ಮಾಸಲಾಗಿ ತೇದ ಗುರುತು: ದೂಳು ನುಗ್ಗಿದೆ. ಏರ್ ಫಿಲ್ಟರ್ ಮತ್ತು ಅದರ ಕೂಡುಗೆ ನೋಡಿರಿ.

3. ಸುತ್ತಲೂ ಆಳವಾದ ಗೀರು: ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿರುವ ಸಾಧ್ಯತೆ ಹೆಚ್ಚು.

ಸಿಲಿಂಡರಿನ ಒಳಮೈ ಮೇಲೆ ಉಗುರು ಆಡಿಸಿರಿ. ಉಬ್ಬು ತಗುಲಿದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿಕೊಂಡಿದೆ. ಅದನ್ನು ಅನುಭವವುಳ್ಳ ಮೆಕ್ಯಾನಿಕ್ ತೆಗೆಯಬಲ್ಲರು. ಉಗುರು ತಗ್ಗಿಗೆ ಸಿಕ್ಕಿಕೊಂಡರೆ ಸಿಲಿಂಡರೇ ಕೆಟ್ಟಿದೆ.

ಒಂದು ರಿಂಗಿನಿಂದ ಸಿಲಿಂಡರ್ ಅಳತೆ

ಇದಕ್ಕೆ ಹೊಸ ರಿಂಗ್ ಒಂದು ಮತ್ತು ಫೀಲರ್ ಗೇಜ್ ಸಾಕು. ರಿಂಗನ್ನು ಒಂದೇ ಸಿಲಿಂಡರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ತಳ್ಳಿ ನೇರವಾಗಿ ಕೂಡಿಸಿರಿ. ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಗೇಜಿನಿಂದ ಅಳೆಯಿರಿ. ಕಿಂಡಿಗಳಿಗಿಂತ ಮೇಲೆ, ರಿಂಗ್ ಓಡಾಡುವ ಜಾಗದಲ್ಲಿ ಒಮ್ಮೆ, ಕಿಂಡಿಗಳ ಕೆಳಗೆ ಸವೆಯದ ಜಾಗದಲ್ಲಿ ಇನ್ನೊಮ್ಮೆ ಅಳೆಯಬೇಕು.

ಸಂದುಗಳ ವ್ಯತ್ಯಾಸವನ್ನು 3ರಿಂದ ಭಾಗಿಸಿದರೆ ವ್ಯಾಸ ಎಷ್ಟು ಹಿಗ್ಗಿದೆ ಎಂಬುದು ಸರಿಸುಮಾರಾಗಿ ಸಿಗುತ್ತದೆ. ವೃತ್ತದ ಸುತ್ತಳತೆ ವ್ಯಾಸದ 3 ಪಟ್ಟಿಗಿಂತ ತುಸು ಹೆಚ್ಚು ಇರುವುದೇ ಇದರ ಆಧಾರ. ಉದಾಹರಣೆಗೆ, 40 ಮಿ.ಮೀ. ವ್ಯಾಸದ ಸಿಲಿಂಡರಿನಲ್ಲಿ ಸಂದು ಕೆಳಗೆ 0.25 ಮಿ.ಮೀ., ಮೇಲೆ 0.55 ಮಿ.ಮೀ. ಇದ್ದರೆ ವ್ಯತ್ಯಾಸ 0.30 ಮಿ.ಮೀ. ಅಂದರೆ ವ್ಯಾಸ ಸುಮಾರು 0.10 ಮಿ.ಮೀ. ಹಿಗ್ಗಿದೆ. ಇಷ್ಟು ಸಣ್ಣ ಎಂಜಿನ್‌ಗೆ ಇದು ಹೆಚ್ಚಿನ ಸವೆತ. ನಿಖರವಾದ ಮಿತಿಗೆ ಯಂತ್ರದ ಕೈಪಿಡಿ ನೋಡಿರಿ.

ಹಳೆಯ ರಿಂಗನ್ನೂ ಹೀಗೆಯೇ ಅಳೆಯಿರಿ. ಹಳೆಯದರ ಸಂದು ಅಗಲವಾಗಿದ್ದು, ಹೊಸದರ ಸಂದು ಮೇಲೆ ಕೆಳಗೆ ಎರಡು ಕಡೆಯೂ ಸರಿಯಿದ್ದರೆ ಸವೆದಿರುವುದು ರಿಂಗ್ ಮಾತ್ರ. ಪಿಸ್ಟನ್ ಗೀರಿಲ್ಲದೆ, ಅದರ ಗಾಡಿಯಲ್ಲಿ ರಿಂಗ್ ಮೇಲೆ ಕೆಳಗೆ ಅಲುಗಾಡದೆ ಇದ್ದರೆ ಹೊಸ ರಿಂಗೊಂದೇ ಸಾಕು.

ಸಿಲಿಂಡರ್ ಸವೆದಿದ್ದರೆ

ಒಳಮೈಗೆ ಅಯಸ್ಕಾಂತ ಹಿಡಿಯಿರಿ. ಬಲವಾಗಿ ಅಂಟಿದರೆ ಅದು ಬೀಡು ಕಬ್ಬಿಣ. ಅಳತೆ ಮೀರಿದ ಪಿಸ್ಟನ್ ದೊರೆಯುವುದಾದರೆ ಬೋರ್ ಮಾಡಿಸಬಹುದು. ಅಂಟದಿದ್ದರೆ ಅದು ಗಟ್ಟಿ ಲೇಪ ಕೊಟ್ಟ ಅಲ್ಯೂಮಿನಿಯಂ. ಇದನ್ನು ಬೋರ್ ಮಾಡಿಸಿದರೆ ಲೇಪವೇ ಹೋಗುತ್ತದೆ. ಲೇಪ ಕಿತ್ತಿದ್ದರೆ ಸಿಲಿಂಡರ್ ಮತ್ತು ಪಿಸ್ಟನ್ ಎರಡನ್ನೂ ಬದಲಾಯಿಸಬೇಕು.

ಹೊಸ ಭಾಗ ಬಾಳಬೇಕಾದರೆ

ಮೊದಲು ಕಾರಣವನ್ನು ಸರಿಪಡಿಸಿ, ಆಮೇಲೆ ಹೊಸ ಭಾಗ ಹಾಕಿಸಿರಿ. ಪಿಸ್ಟನ್ನಿನ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಸಾಮಾನ್ಯವಾಗಿ ಹೊಗೆ ಕಿಂಡಿಯ ಕಡೆಗಿರಬೇಕು. ರಿಂಗಿನ ತುದಿಗಳು ಗಾಡಿಯಲ್ಲಿರುವ ಸಣ್ಣ ಪಿನ್ನಿನ ಎರಡು ಬದಿಗೆ ಕೂಡಬೇಕು. ತಪ್ಪಿದರೆ ರಿಂಗ್ ಕಿಂಡಿಗೆ ಸಿಕ್ಕಿ ಮುರಿಯುತ್ತದೆ.

ಕೈಪಿಡಿಯಲ್ಲಿ 1:25 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ., 1:50 ಎಂದಿದ್ದರೆ 20 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಅಂದಾಜಿನಲ್ಲಿ ಸುರಿಯದೆ ಅಳೆದೇ ಹಾಕಿರಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿರುವುದರಿಂದ ಅದು ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹಂಗಾಮು ಮುಗಿದೊಡನೆ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಖಾಲಿ ಮಾಡಿಡುವುದು ಸೂಕ್ತ. ಏರ್ ಫಿಲ್ಟರನ್ನು ಕೆಲಸದ ದಿನಗಳಲ್ಲಿ ಪ್ರತಿದಿನವೂ ಸ್ವಚ್ಛಗೊಳಿಸಿರಿ. ಹರಿದ ಫಿಲ್ಟರಿಗೆ ತಗಲುವ ಅಲ್ಪ ಖರ್ಚು ಸಿಲಿಂಡರಿನ ದೊಡ್ಡ ಖರ್ಚನ್ನು ಉಳಿಸುತ್ತದೆ.