ಜೀವಕೋಶದ ಆಮ್ಲವೂ ಅಡುಗೆ ಸೋಡಾವೂ

ಕಳೆದ ಬೇಸಿಗೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹತ್ತು ವರ್ಷಗಳಿಂದ ಮಾತ್ರೆಯಿಂದ ಹತೋಟಿಯಲ್ಲಿದ್ದ ಅವರ ರಕ್ತದೊತ್ತಡ ಅಂದು ಬಹಳ ಏರಿತ್ತು; ಪಾದಗಳು ಬಾತಿದ್ದವು. ಮಾತ್ರೆ ಬಿಟ್ಟಿರಲಿಲ್ಲ, ಊಟದಲ್ಲಿ ಉಪ್ಪನ್ನೂ ಹೆಚ್ಚಿಸಿರಲಿಲ್ಲ. ಕೆದಕಿ ಕೇಳಿದ ಮೇಲೆ, "ಮೈಯಾಗ ಆಸಿಡ್ ತುಂಬೈತಂತ್ರಿ ಡಾಕ್ಟರ. ಮುಂಜಾನೆ ಒಂದು ಚಮಚ ಅಡಗಿ ಸೋಡಾ ನೀರಾಗ ಹಾಕ್ಕೊಂಡು ಕುಡೀತೀನ್ರಿ. ಎರಡು ತಿಂಗಳಾತು" ಎಂದರು. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಆರಂಭಿಸಿದ್ದರು.

ಅವರನ್ನು ಆಕ್ಷೇಪಿಸುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಎದೆಯುರಿಯೆಂದು ಬಂದವರಿಗೆ "ನಿಮ್ಮ ರಕ್ತದಲ್ಲಿ ಆಮ್ಲ ಹೆಚ್ಚಾಗಿದೆ" ಎಂಬ ಸಡಿಲ ಮಾತನ್ನು ನಾನೇ ವರ್ಷಗಟ್ಟಲೆ ಹೇಳಿದ್ದುಂಟು. ಎದೆಯುರಿಗೆ ಕಾರಣವಾಗುವುದು ಜಠರದ ಆಮ್ಲ. ಜೀವಕೋಶದೊಳಗಿನ ಆಮ್ಲದ ವಿಚಾರವೇ ಬೇರೆ. ಅದನ್ನು ನಿಭಾಯಿಸುವ ವ್ಯವಸ್ಥೆಯೂ ಬೇರೆ. ಸದ್ಭಕ್ತರು ಅದನ್ನು ಒಮ್ಮೆ ಅರಿತರೆ ಇಂತಹ ಮೊಬೈಲ್ ವೈದ್ಯದಿಂದ ಪಾರಾಗಬಹುದು.

ಜಲಜನಕದ ಅಯಾನು, ಅಂದರೆ ಧನ ವಿದ್ಯುದಂಶವುಳ್ಳ ಜಲಜನಕದ ಕಣ, ಎಷ್ಟು ಹೆಚ್ಚೋ ಅಷ್ಟು ಆಮ್ಲೀಯತೆ. ಇದನ್ನು ಅಳೆಯುವ ಪಿ.ಹೆಚ್. ಎಂಬ ಮಾನವನ್ನು 1909ರಲ್ಲಿ ಕೋಪನ್‌ಹೇಗನ್ನಿನ ಸೋರೆನ್‌ಸನ್ ರೂಢಿಗೆ ತಂದರು. ಈ ಮಾನದಲ್ಲಿ ಅಂಕಿ ಕಡಿಮೆಯಾದಂತೆ ಆಮ್ಲ ಹೆಚ್ಚು. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ. ಜಠರರಸದ ಅಂಕಿ ಸುಮಾರು 1.5ರಿಂದ 3, ರಕ್ತದ್ದು 7.35ರಿಂದ 7.45, ಹೆಚ್ಚಿನ ಜೀವಕೋಶಗಳ ಒಳಗೆ 7.2ರ ಆಸುಪಾಸು.

ಈ 7.2 ತಾನಾಗಿಯೇ ನಿಲ್ಲುವುದಲ್ಲ. ಬದುಕಿರುವ ಕೋಶವು ಆಹಾರವನ್ನು ಉರಿಸುತ್ತ ಸದಾ ಆಮ್ಲವನ್ನು ಹುಟ್ಟಿಸುತ್ತಿರುತ್ತದೆ. ಸಾಲದ್ದಕ್ಕೆ ಕೋಶಪೊರೆಯ ಒಳಭಾಗ ಋಣ ವಿದ್ಯುದಂಶವುಳ್ಳದ್ದು. ಅದು ಹೊರಗಿನ ಜಲಜನಕದ ಅಯಾನುಗಳನ್ನು ಒಳಗೆ ಸೆಳೆಯುತ್ತದೆ. ತಡೆಯುವವರಿಲ್ಲದಿದ್ದರೆ ಅಂಕಿ 6.4ರವರೆಗೂ ಕುಸಿದೀತು. ಆಗ ಕಿಣ್ವಗಳು ಮಂದವಾಗಿ ಕೋಶದ ಕೆಲಸವೇ ನಿಲ್ಲುತ್ತದೆ.

ತಡೆಯುವ ಕಾವಲುಗಾರರಲ್ಲಿ ಮುಖ್ಯವಾದುದು ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು. ಒಂದು ಸೋಡಿಯಂ ಅಯಾನನ್ನು ಒಳಗೆ ಬಿಟ್ಟುಕೊಂಡು ಒಂದು ಜಲಜನಕದ ಅಯಾನನ್ನು ಹೊರಕ್ಕೆ ಕಳುಹಿಸುವುದೇ ಅದರ ಕೆಲಸ. 1976ರಲ್ಲಿ ಮೂರರ್, ಹಾಫರ್ ಮತ್ತು ಕಿನ್ನೆ ಎಂಬ ವಿಜ್ಞಾನಿಗಳು ಇಲಿಯ ಕರುಳು ಮತ್ತು ಮೂತ್ರಪಿಂಡದ ಕೋಶಪೊರೆಗಳಲ್ಲಿ ಈ ವಿನಿಮಯವನ್ನು ತೋರಿಸಿಕೊಟ್ಟರು. ಬಾವಿಯ ರಾಟೆಯ ಹಗ್ಗಕ್ಕೆ ಎರಡೂ ತುದಿಯಲ್ಲಿ ಕೊಡ ಕಟ್ಟಿದರೆ, ಒಂದು ಭಾರದಿಂದ ಇಳಿಯುವಾಗ ಇನ್ನೊಂದು ಮೇಲೇರುತ್ತದಲ್ಲವೇ? ಹಾಗೆಯೇ ಇದು. ಕೋಶದ ಹೊರಗೆ ಲೀಟರಿಗೆ 140 ಮಿಲಿಮೋಲಿನಷ್ಟು ಸೋಡಿಯಂ, ಒಳಗೆ 10ರಿಂದ 15 ಮಾತ್ರ. ಒಳಗಿಳಿಯುವ ಸೋಡಿಯಮ್ಮಿನ ಭಾರವೇ ಆಮ್ಲವನ್ನು ಹೊರಗೆಳೆಯುತ್ತದೆ. ಒಳಬಂದ ಸೋಡಿಯಮ್ಮನ್ನು ಮತ್ತೆ ಹೊರಹಾಕುವುದು ಇನ್ನೊಂದು ಯಂತ್ರ. ಅದು ಶಕ್ತಿಯನ್ನು ವ್ಯಯಿಸಿ ಮೂರು ಸೋಡಿಯಂ ಹೊರಗಟ್ಟಿ ಎರಡು ಪೊಟ್ಯಾಸಿಯಂ ಒಳತರುತ್ತದೆ. ಇದನ್ನು 1957ರಲ್ಲಿ ಗುರುತಿಸಿದ ಸ್ಕೋ ಅವರಿಗೆ ನಲವತ್ತು ವರ್ಷಗಳ ನಂತರ ನೊಬೆಲ್ ಪ್ರಶಸ್ತಿ ದೊರೆಯಿತು.

ನನಗೆ ಬಹಳ ಸೋಜಿಗವೆನಿಸುವುದು ಮತ್ತೊಂದು ಅಂಶ. ಒಳಗಿನ ಆಮ್ಲ ಸರಿಯಾದ ಮಟ್ಟದಲ್ಲಿರುವಾಗ ಈ ವಿನಿಮಯ ಬಹುಮಟ್ಟಿಗೆ ಸುಮ್ಮನಿರುತ್ತದೆ. ಆಮ್ಲ ಏರಿತೋ, ಜಲಜನಕದ ಅಯಾನೇ ಆ ಪ್ರೋಟೀನಿನ ಒಳಮೈಗೆ ತಗುಲಿ ಅದನ್ನು ಎಚ್ಚರಗೊಳಿಸುತ್ತದೆ. ಮಿದುಳಿನ ಅಪ್ಪಣೆ ಬೇಕಿಲ್ಲ, ನಮ್ಮ ಚಮಚವೂ ಬೇಕಿಲ್ಲ.

ಇದರಲ್ಲಿ ಕೈಯಾಡಿಸಿದರೆ ಏನಾದೀತೆಂಬುದಕ್ಕೆ ಒಂದು ನಿದರ್ಶನವಿದೆ. ರಕ್ತ ನಿಂತು ಮರಳಿ ಹರಿದಾಗ ಹೃದಯದ ಕೋಶಗಳಲ್ಲಿ ಈ ವಿನಿಮಯ ಭರದಿಂದ ನಡೆದು ಸೋಡಿಯಂ ತುಂಬುತ್ತದೆ. ಅದರ ಬೆನ್ನಿಗೆ ಕ್ಯಾಲ್ಸಿಯಂ ನುಗ್ಗಿ ಕೋಶಗಳು ಸಾಯುತ್ತವೆ. ಆದ್ದರಿಂದ ಅದನ್ನು ತಾತ್ಕಾಲಿಕವಾಗಿ ತಡೆಯಲು ಕ್ಯಾರಿಪೊರೈಡ್ ಎಂಬ ಔಷಧವನ್ನು ಬೈಪಾಸ್ ಶಸ್ತ್ರಕ್ರಿಯೆಯ ರೋಗಿಗಳಲ್ಲಿ ಪರೀಕ್ಷಿಸಿದರು. ಹೃದಯಾಘಾತಗಳೇನೋ ಕಡಿಮೆಯಾದವು, ಆದರೆ ಪಾರ್ಶ್ವವಾಯು ಮತ್ತು ಸಾವುಗಳು ಹೆಚ್ಚಿದವು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬಲ್ಲವರೇ ಅಳತೆಯಿಟ್ಟು ಕೊಟ್ಟಾಗ ಹೀಗಾಯಿತು.

ಇನ್ನು ಮೂತ್ರಪಿಂಡ. ಅದು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತದೆ. ಸೋಸಿಹೋದ ಕ್ಷಾರವನ್ನು, ಅಂದರೆ ಬೈಕಾರ್ಬೊನೇಟನ್ನು, ಮರಳಿ ಪಡೆಯುವುದು ಬಹುಪಾಲು ಇದೇ ಸೋಡಿಯಂ–ಜಲಜನಕ ವಿನಿಮಯದಿಂದ. ಹಾಗಾಗಿ ದೇಹದಲ್ಲಿ ಆಮ್ಲದ ಲೆಕ್ಕ, ಉಪ್ಪಿನ ಲೆಕ್ಕ ಎರಡನ್ನೂ ಒಂದೇ ಕಡತದಲ್ಲಿ ಬರೆಯಲಾಗುತ್ತದೆ.

ಈಗ ಶಿಕ್ಷಕರ ಸೋಡಾಕ್ಕೆ ಬರೋಣ. ಕುಡಿದುದರಲ್ಲಿ ಒಂದು ಭಾಗ ಜಠರದ ಆಮ್ಲದೊಡನೆ ಕೂಡಿ ತೇಗಾಗುತ್ತದೆ. ರಕ್ತಕ್ಕೆ ಸೇರಿದ ಹೆಚ್ಚುವರಿ ಕ್ಷಾರವನ್ನು ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರವನ್ನು ಪಟ್ಟಿಯಲ್ಲಿ ಪರೀಕ್ಷಿಸಿ "ದೇಹ ಶುದ್ಧವಾಯಿತು" ಎಂದು ಹಿಗ್ಗುವವರು ಕಾಣುವುದು ಈ ಕಸವನ್ನು. ಜೀವಕೋಶವು ತನ್ನ 7.2ರಲ್ಲಿಯೇ ಇರುತ್ತದೆ. ಆದರೆ ಚಹಾ ಚಮಚದಷ್ಟು ಸೋಡಾದಲ್ಲಿ ಸುಮಾರು 1,250 ಮಿಲಿಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ದಿನದ ಮಿತಿಯೇ 2,000 ಮಿಲಿಗ್ರಾಂ. ಬಾತ ಪಾದಗಳಿಗೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯವು ಹಿಪ್ಪಲಿ, ಕ್ಷಾರ, ಲವಣ ಈ ಮೂರನ್ನು ಅತಿಯಾಗಿ ಬಳಸಬಾರದೆನ್ನುತ್ತದೆ. ಕ್ಷಾರದ ಅತಿಸೇವನೆಯಿಂದ ಕೂದಲು, ಕಣ್ಣು, ಹೃದಯಗಳಿಗೆ ಹಾನಿಯೆಂದೂ ಹೇಳುತ್ತದೆ. ಚರಕರಿಗೆ ಸೋಡಿಯಂ ತಿಳಿದಿತ್ತೆಂದು ನಾನು ವಾದಿಸುವುದಿಲ್ಲ; ಹಾಗೆ ವಾದಿಸುವ ಚಟ ನಮ್ಮ ವೈದ್ಯರಲ್ಲಿ ಕೆಲವರಿಗಿದೆ. ರೋಗಿಗಳನ್ನು ಕಂಡು ಹೇಳಿದ ಎಚ್ಚರಿಕೆ ಅದು, ಅಷ್ಟೇ ಸಾಕು.

ಒಂದು ಮಾತು ಮರೆಯಬಾರದು. ಮೂತ್ರಪಿಂಡದ ಕಾಯಿಲೆಯುಳ್ಳ ಕೆಲವರಿಗೆ ರಕ್ತ ಪರೀಕ್ಷಿಸಿ ವೈದ್ಯರೇ ಬೈಕಾರ್ಬೊನೇಟ್ ಮಾತ್ರೆ ಕೊಟ್ಟಿರುತ್ತಾರೆ. ಈ ಲೇಖನವನ್ನು ಓದಿ ಅವರು ಅದನ್ನು ನಿಲ್ಲಿಸಕೂಡದು.

ಶಿಕ್ಷಕರು ಸೋಡಾ ಬಿಟ್ಟರು. ಮೂರನೆಯ ವಾರಕ್ಕೆ ಪಾದಗಳ ಬಾವು ಇಳಿದಿತ್ತು, ರಕ್ತದೊತ್ತಡ ಹಳೆಯ ಮಟ್ಟಕ್ಕೆ ಬಂದಿತ್ತು. ಏಳುವಾಗ ಬಾಗಿಲಲ್ಲಿ ನಿಂತು, "ಮಿರ್ಚಿ ಭಜಿಗೆ ಹಾಕೋ ಸೋಡಾನೂ ಬ್ಯಾಡೇನ್ರಿ?" ಎಂದು ಕೇಳಿದರು. ಅದರಲ್ಲಿರುವ ಚಿಟಿಕೆ ಸೋಡಾಕ್ಕಿಂತ ಎಣ್ಣೆಯೇ ನನಗೆ ಹೆಚ್ಚಿನ ಚಿಂತೆಯೆಂದು ಹೇಳಿ ಕಳುಹಿಸಿದೆ.